ಬಾಕಿ ಚಿಲ್ಲರೆ

ದುರ್ಗಿಗುಡಿಯಲ್ಲಿ, ಕನ್ನಡಕದಂಗಡಿಯ ಮಹಡಿಯಲ್ಲಿ,
ಶನಿವಾರ ರಾತ್ರಿ ಒಂಬತ್ತು ದಾಟಿದ ಮೇಲೆ
ನೌಶೀನ್ ನನಗೊಂದು ಹಾಳೆ ಕೊಟ್ಟಳು.
ಹೆಸರು, ಕುಲ, ಕಸುಬು, ಬಲ, ಬುದ್ಧಿ, ದೌರ್ಬಲ್ಯ.
ಥೇಟ್ ರೇಷನ್ ಕಾರ್ಡಿನ ಅರ್ಜಿ.

ಹಾಲೇಶಿ ಆಗಲೇ ಏಳಡಿಯ ದೈತ್ಯ,
ಎರಡು ಕೊಡಲಿ, ಅಪ್ಪನಿಲ್ಲ, ಸೇಡುಂಟು.
ಗ್ರೇಷನ್ ಈ ಸಲ ಬಿಲ್ಲುಗಾರ್ತಿ,
ಮೀಸೆಯ ಹಿಂದಿನಿಂದಲೇ ಚಿರತೆಯ ಜೊತೆ ಪಿಸುಗುಡುವವಳು.
"ಮಾಂತ್ರಿಕ ಇಲ್ಲ ನಮಗೆ. ನೀನಾಗು."

ಮಂತ್ರ ಎಲ್ಲಿಂದ ಬರುತ್ತೆ, ಕೇಳಿದೆ.
ನಿಯಮದ ಪುಸ್ತಕ ತಿರುವಿದಳು:
ಓಲೆಗರಿಯಿಂದ ಬರಬಹುದು, ರಕ್ತದಿಂದ ಬರಬಹುದು,
ಯಾವುದೋ ಹಳೇ ಭೂತದ ಜೊತೆ ಕರಾರಾಗಿರಬಹುದು.
ನನ್ನ ಹತ್ತಿರ ಓಲೆಗರಿ ಇಲ್ಲ. ರಕ್ತ ಬಿ ಪಾಸಿಟಿವ್.
ಕರಾರು ಒಂದೇ, ಬಸ್ಸಿನ ಸಾಹುಕಾರನ ಜೊತೆ,
ಅದೂ ಬಾಯಿಮಾತಿನದು.

ಕಿವಿಯ ಮೇಲಿನ ಪೆನ್ಸಿಲ್ ತೆಗೆದೆ.
ಹನ್ನೊಂದು ವರ್ಷ, ಶಿವಮೊಗ್ಗ–ತೀರ್ಥಹಳ್ಳಿ, ದಿನಕ್ಕೆ ಮೂರು ಟ್ರಿಪ್ಪು,
ಟಿಕೆಟಿನ ಬೆನ್ನ ಮೇಲೆ ಬರೆದದ್ದೇ ಬರೆದದ್ದು:
ಮೂರು. ಎಂಟು. ಹನ್ನೆರಡು. "ಇಳಿಯುವಾಗ ಇಸ್ಕೊಳ್ಳಿ."
ಇಳಿಯುವಾಗ ಮರೆಯುತ್ತಾರೆ.
ಮಂಡಗದ್ದೆಯಲ್ಲಿ ಹಕ್ಕಿ ನೋಡುತ್ತಾ ಮರೆಯುತ್ತಾರೆ,
ಗಾಜನೂರಲ್ಲಿ ನಿದ್ದೆಯಿಂದ ಬೆಚ್ಚಿ, ಚಪ್ಪಲಿ ಹುಡುಕುತ್ತಾ.
ಆ ದುಡ್ಡು ಇನ್ನು ಅವರದಲ್ಲ, ನನ್ನದೂ ಅಲ್ಲ,
ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.
ಯಾರದೂ ಅಲ್ಲದ್ದು ಎಲ್ಲೋ ಇರಬೇಕಲ್ಲ.
ಅಲ್ಲಿದೆ ಮಂತ್ರ.

ಬರೆದೆ. ಹೆಸರು: ಚಿಲ್ಲರಯ್ಯ.
ಕುಲ: ನಿಂತವರು, ಸೀಟಿಲ್ಲದವರು.
ಜನ ಇಸ್ಕೊಳ್ಳದೆ ಬಿಟ್ಟುಹೋದದ್ದೆಲ್ಲ ಅವನ ಬಂಡವಾಳ:
ಅರ್ಧಕ್ಕೆ ನಿಂತ ಆಕಳಿಕೆ,
ತುಟಿಗೆ ಬಂದು ವಾಪಸಾದ ಬೈಗುಳ,
ಕಿಟಕಿಯಲ್ಲಿ ಬೀಸಿಯೂ ಯಾರೂ ನೋಡದ ಕೈ.
ಬೆಂಕಿಯ ಉಂಡೆ ಎಸೆಯಲಾರ. ಅಷ್ಟು ದೊಡ್ಡ ನೋಟು ಅವನಲ್ಲಿಲ್ಲ.
ಆದರೆ ಶತ್ರುವಿನ ಹೆಜ್ಜೆಯಿಂದ ಕಾಲು ಗೇಣು ಮುರಿದುಕೊಂಡು
ಗೆಳೆಯನ ಜಿಗಿತಕ್ಕೆ ಸೇರಿಸಬಲ್ಲ.
ಸಾಯುವವನ ಕೊನೆಯ ಉಸಿರನ್ನು ಚಿಲ್ಲರೆ ಮಾಡಿಸಿ
ಹತ್ತು ಸಣ್ಣ ಉಸಿರು ಎಣಿಸಿ ಕೊಡಬಲ್ಲ.
ಬೀಜಾಕ್ಷರ ಎರಡೇ: ರೈಟ್, ಹೋಲ್ಡಾನ್.

"ಹೋಲ್ಡಾನ್ ಅಂದ್ರೆ ಡ್ರ್ಯಾಗನ್ನೂ ನಿಲ್ಲುತ್ತಾ?" ಹಾಲೇಶಿ ನಕ್ಕ.
ನಿಲ್ಲುತ್ತೆ. ಇಳಿಯುವವರಿದ್ದರೆ.

"ದೌರ್ಬಲ್ಯ?" ಎಂದಳು ನೌಶೀನ್, ಇಪ್ಪತ್ತು ಮುಖದ ದಾಳ ಉರುಳಿಸುತ್ತಾ.
ಪ್ರತಿ ಮಂತ್ರವನ್ನೂ ಚೀಟಿಯ ಬೆನ್ನಿಗೆ ಬರೆದಿಡಬೇಕು, ಎಂದೆ.
ವಾರಸುದಾರ ಯಾವತ್ತು ಬೇಕಾದರೂ ಬರಬಹುದು.
ಕತ್ತಿಗೆ ಕತ್ತಿ ತಾಗಿರುವಾಗಲೇ ಹೆಗಲು ತಟ್ಟಿ
"ಕಂಡಕ್ಟ್ರೇ, ನನ್ನ ಚಿಲ್ಲರೆ?" ಅನ್ನಬಹುದು.
ಯುದ್ಧ ಬಿಟ್ಟು ಕೊಡಬೇಕು.
ಗ್ರೇಷನ್ ಹಣೆ ಚಚ್ಚಿಕೊಂಡ: "ಸತ್ವಿ ನಾವು."

ಕೊನೆಯ ಖಾನೆ: ಆರಂಭದಲ್ಲಿ ಕೈಯಲ್ಲಿರುವ ಚಿನ್ನದ ನಾಣ್ಯ.
ಪುಸ್ತಕದ ಪ್ರಕಾರ ಎಲ್ಲರಿಗೂ ನೂರು.
ನಾನು ನಾನೂರ ಮೂವತ್ತೆಂಟು ಬರೆದೆ.
"ಇದ್ಯಾವ ಲೆಕ್ಕ?"

ನಂದಲ್ಲ ಅದು.
ಮೂರು ವರ್ಷದ ಹಿಂದೆ, ಬೆಳಗಿನ ಮೊದಲ ಟ್ರಿಪ್ಪು,
ಮಾಳೂರಲ್ಲಿ ಹತ್ತಿದ ಹೆಂಗಸು, ಟವೆಲಲ್ಲಿ ಸುತ್ತಿದ ಮಗು.
ಐನೂರರ ನೋಟು, ಅರವತ್ತೆರಡರ ಟಿಕೆಟು,
ನನ್ನ ಚೀಲದಲ್ಲಿ ಅಷ್ಟು ಹೊತ್ತಿಗೆ ಎರಡೇ ಹತ್ತರ ನೋಟು.
ಬೆನ್ನಿಗೆ ಬರೆದುಕೊಟ್ಟೆ.
ಮೆಗ್ಗಾನ್ ಆಸ್ಪತ್ರೆ ಅಂದದ್ದೇ ತಡ, ಇಳಿದೇಬಿಟ್ಟಳು.
ಹೋಲ್ಡಾನ್ ಅಂದೆ. ಬಸ್ಸು ನಿಂತಿತು.
ಅವಳು ನಿಲ್ಲಲಿಲ್ಲ.
ಮಿಕ್ಕವರ ಚಿಲ್ಲರೆಯೆಲ್ಲ ಚಹಾಕ್ಕೆ ಹೋಗಿದೆ, ಸುಳ್ಳು ಯಾಕೆ,
ಇದೊಂದು ಮಾತ್ರ ಹಾರ್ಲಿಕ್ಸ್ ಡಬ್ಬಿಯಲ್ಲಿದೆ.

ಕೆಳಗೆ ಯಾರೋ ಶಟರ್ ಎಳೆದರು.
ನೌಶೀನ್ ತನ್ನ ರಟ್ಟಿನ ಮರೆಯ ಹಿಂದೆ ಏನೋ ಗೀಚಿಕೊಂಡಳು.
"ಅವಳು ಆಟದಲ್ಲೂ ಬರಬಹುದು, ಗೊತ್ತಲ್ಲ? ಯಾವ ಊರಲ್ಲಾದರೂ.
ಬಂದರೆ ನಿನ್ನ ಮಾಂತ್ರಿಕ ಬರಿಗೈ."
ಗೊತ್ತು.
"ಏನು ಮಾಡ್ತಾನೆ?"
ಎಣಿಸಿ ಕೊಡ್ತಾನೆ.
ಆಮೇಲೆ ಮಗು ಹೇಗಿದೆ ಅಂತ ಕೇಳ್ತಾನೆ.

ಹಾಲೇಶಿ ಪರೋಟದ ಪೊಟ್ಟಣ ಬಿಚ್ಚಿದ.
ದಾಳ ನನ್ನ ಕೈಗೆ ಬಂತು, ಬೆವರಿತ್ತು, ಯಾರದೋ.
ರೈಟ್, ಎಂದೆ.